ಹಲುಬೆ ಹೊಡೆದ ಮಾತು

ನಾನು ಕುಂತಿಯಾದಾಗ ನನಗೆ ಹನ್ನೊಂದು ವರ್ಷ. ಕರ್ಣನಾಗಿದ್ದವನು ನನ್ನ ಅಪ್ಪ.

1974ರ ಆಷಾಢದಲ್ಲಿ ನಮ್ಮೂರಿನವರು ಸೇರಿ, ಗಣೇಶನ ಹಬ್ಬಕ್ಕೆ ‘ಕುರುಕ್ಷೇತ್ರ’ ಆಡುವುದೆಂದು ತೀರ್ಮಾನ ಮಾಡಿದರು. ಗುಬ್ಬಿಯಿಂದ ಏಳೆಂಟು ಮೈಲಿ ನಮ್ಮೂರು. ಗುಬ್ಬಿ ವೀರಣ್ಣನವರ ಕಂಪನಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಕುರುಕ್ಷೇತ್ರ ಆಡಿದ್ದನ್ನು ಕಣ್ಣಾರೆ ಕಂಡಿದ್ದ ಮುದುಕರು ಆಗಿನ್ನೂ ಜಗಲಿಗಳ ಮೇಲಿದ್ದರು. ಅವರ ಮಾತು ಕೇಳಿ ಬೆಳೆದವರಿಗೆ ಒಂದಲ್ಲ ಒಂದು ಸಲ ಬಣ್ಣ ಹಚ್ಚಲೇಬೇಕು ಎನ್ನುವ ಆಸೆ. ಹಳ್ಳಿ ನಾಟಕದಲ್ಲಿ ಪಾರ್ಟು ಪುಕ್ಕಟೆ ಸಿಗುವುದಿಲ್ಲ. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಪೇಟೆಯಿಂದ ಬರುವ ಹೆಣ್ಣು ಪಾತ್ರದವರ ಖರ್ಚು, ಎಲ್ಲವನ್ನೂ ಪಾರ್ಟು ಹಿಡಿದವರೇ ಹಾಕಿಕೊಳ್ಳಬೇಕು. ದುರ್ಯೋಧನನಿಗೆ ಎಲ್ಲಕ್ಕಿಂತ ಹೆಚ್ಚು ದುಡ್ಡು. ಅಪ್ಪ ಸಾಕಿದ ಟಗರೊಂದನ್ನು ಮಾರಿ ಕರ್ಣನ ಪಾರ್ಟು ಹಿಡಿದ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕರ್ಣನ ಮಾತುಗಳನ್ನು ಒಂದೊಂದೇ ಸಾಲು ಓದಿ ಹೇಳುವುದು ನನ್ನ ಕೆಲಸವಾಯಿತು. ಕುಂತಿ ಪಾತ್ರಕ್ಕೆ ತುಮಕೂರಿನಿಂದ ಗೊತ್ತುಮಾಡಿದ್ದ ಹೆಂಗಸು ಬರುವುದು ನಾಟಕದ ದಿನವೇ. ಅಲ್ಲಿಯವರೆಗೆ ರಾಮಮಂದಿರದಲ್ಲಿ ದಿನಾ ರಾತ್ರಿ ನಡೆಯುವ ತಾಲೀಮಿನಲ್ಲಿ ಕುಂತಿಯ ಮಾತುಗಳನ್ನು ಯಾರಾದರೂ ಓದಬೇಕಲ್ಲ. ಮೇಷ್ಟ್ರು ಆ ಮಾತುಗಳಿದ್ದ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟರು. ಹೀಗೆ ಎರಡು ತಿಂಗಳು ಲಾಟೀನಿನ ಬೆಳಕಿನಲ್ಲಿ ನಾನು ನನ್ನ ಅಪ್ಪನನ್ನು ‘ಮಗನೇ’ ಎಂದು ಕರೆದೆ.

ನಾನು ಮುಂದೆ ಇಂಗ್ಲಿಷ್ ಮೇಡಂ ಆದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದ್ದೇನೆ. ನನಗೆ ಬರುವ ಇಂಗ್ಲಿಷ್ ಪದಗಳಲ್ಲೆಲ್ಲ ಒಂದು ಪದದ ಮೇಲೆ ಮಾತ್ರ ಮನೆಯ ಮಗಳ ಮೇಲಿರುವಂಥ ಪ್ರೀತಿ. ಅದು ‘ರಿಹರ್ಸಲ್’. ಈ ಪದದ ಹುಟ್ಟೂರು ಯಾವುದೆಂದು ತಿಳಿದ ದಿನ, ನಮ್ಮ ರಾಗಿ ಹೊಲ ಕಣ್ಣೆದುರಿಗೆ ಬಂದು ನಿಂತಿತು.

ಮೊದಲು ಆ ಹೊಲದ ವಿಷಯ ಹೇಳುತ್ತೇನೆ.

ನಮ್ಮ ಕಡೆ ಪುನರ್ವಸು ಮಳೆಗೆ ರಾಗಿ ಚೆಲ್ಲುತ್ತಾರೆ. ಮಧ್ಯೆ ಮಧ್ಯೆ ಅವರೆ, ಹುಚ್ಚೆಳ್ಳು, ಜೋಳದ ಅಕ್ಕಡಿ ಸಾಲು. ಚೆಲ್ಲಿದ ರಾಗಿ ಒತ್ತೊತ್ತಾಗಿ ಹುಟ್ಟುತ್ತದೆ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಹಸಿರು ಕಂಬಳಿ ಹಾಸಿದ ಹಾಗೆ ಕಾಣುತ್ತದೆ; ನೋಡಿದರೆ ಎರಡು ಕಣ್ಣು ಸಾಲದು. ಆ ಹೊತ್ತಿಗೆ ಸರಿಯಾಗಿ ಹಲುಬೆ ಹೊಡೆಯುತ್ತಾರೆ. ಹಲುಬೆ ಎಂದರೆ ಒಂದು ಮರದ ದಿಂಡಿಗೆ ಸಾಲಾಗಿ ಹಲ್ಲು ಜೋಡಿಸಿದ ಸಾಧನ, ಎತ್ತುಗಳು ಎಳೆದುಕೊಂಡು ಹೋಗುವ ದೊಡ್ಡ ಬಾಚಣಿಗೆ ಅನ್ನಿ. ಭಾರ ಸಾಲದಿದ್ದರೆ ಮೇಲೊಂದು ಕಲ್ಲು ಇಡುತ್ತಾರೆ. ಅದನ್ನು ಹಸಿರು ಪೈರಿನ ಮೇಲೆಯೇ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಹಾಯಿಸುತ್ತಾರೆ. ಹಲುಬೆ ಹೋದ ಮೇಲೆ ಹೊಲದ ಕಡೆ ನೋಡಲಾಗುವುದಿಲ್ಲ. ಅರ್ಧ ಪೈರು ಕಿತ್ತು ಬಿದ್ದಿರುತ್ತದೆ, ಉಳಿದದ್ದು ಮಣ್ಣು ಮೆತ್ತಿಕೊಂಡು ಒರಗಿರುತ್ತದೆ.

ಚಿಕ್ಕವಳಿದ್ದಾಗ ಒಂದು ವರ್ಷ ಇದನ್ನು ನೋಡಿ ಬದುವಿನ ಮೇಲೆ ಕೂತು ಅತ್ತಿದ್ದೆ. ಅಪ್ಪ ಎತ್ತು ನಿಲ್ಲಿಸಿ ಬಂದು, ಕಾಲ ಹತ್ತಿರದ ಮಣ್ಣನ್ನು ಬೆರಳಿನಲ್ಲಿ ಎಬ್ಬಿಸಿ ತೋರಿಸಿದ. ಮಳೆ ಬಿದ್ದು ಬಿಸಿಲು ಕಾದು ಮೇಲಿನ ಮಣ್ಣು ಹಪ್ಪಳದಂತೆ ಗಟ್ಟಿಯಾಗಿ, ಬೆರಳಿಗೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂತು. “ನೋಡವ್ವ, ಹೆಂಗ್ ಹಕ್ಕಳೆ ಕಟ್ಟೈತೆ. ಇದನ್ನ ಒಡೀದಿದ್ರೆ ಬೇರಿಗೆ ಉಸುರಿಲ್ಲ. ಎಂಟ್ ದಿನ ತಡಿ, ಆಮೇಲ್ ಬಂದು ನೋಡು” ಎಂದ. ಎಂಟು ದಿನ ಬಿಟ್ಟು ಹೋಗಿ ನೋಡಿದೆ. ಒರಗಿದ್ದ ಪೈರೆಲ್ಲ ಎದ್ದು ನಿಂತಿತ್ತು. ಬುಡ ದಪ್ಪವಾಗಿ, ಒಂದೊಂದು ಬುಡದಲ್ಲಿ ಎರಡು ಮೂರು ತೆಂಡೆ ಒಡೆದಿತ್ತು. ಕಳೆ ಸತ್ತಿತ್ತು. ಹಲುಬೆ ಹೊಡೆಯದೆ ಬಿಟ್ಟ ಮೂಲೆಯಲ್ಲಿ ಮಾತ್ರ ಪೈರು ಕೂದಲಿನಂತೆ ಸಣ್ಣಗೆ ಎದ್ದು ಹಳದಿ ತಿರುಗಿತ್ತು.

ತಾಲೀಮಿಗೆ ಬರೋಣ. ಅಪ್ಪನ ನೆನಪಿನ ಶಕ್ತಿ ದೊಡ್ಡದು. ಹದಿನೈದು ದಿನದಲ್ಲಿ ಕರ್ಣನ ಅಷ್ಟೂ ಮಾತು ಬಾಯಿಗೆ ಬಂತು. ಆದರೆ ಮೇಷ್ಟ್ರ ಮುಖ ಅರಳಲಿಲ್ಲ. ಚಿಕ್ಕಂದಿನಲ್ಲಿ ಕಂಪನಿ ನಾಟಕದಲ್ಲಿ ಬೆಳೆದವರು ಅವರು. ಒಂದು ರಾತ್ರಿ ಹಾರ್ಮೋನಿಯಂ ನಿಲ್ಲಿಸಿ, ಅಪ್ಪನನ್ನು ಹತ್ತಿರ ಕೂರಿಸಿಕೊಂಡು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. “ನೋಡಪ್ಪ, ಕುಂತಿ ಮಾತು ಯಾವಾಗ ಮುಗೀತದೆ ಅಂತ ನೀನು ಕಾಯ್ತಾ ಇದೀಯ. ಅವಳು ಏನಂದ್ಲು ಅಂತ ಕೇಳಿಸ್ಕೊಳ್ತಾ ಇಲ್ಲ. ಉರು ಹೊಡೆದಿದ್ದು ಸಾಕು. ನಾಳೆಯಿಂದ ಕೆಲಸ ಮಾಡ್ತಾ ಹೇಳು.”

ಮಾರನೆಯ ದಿನ ನಮ್ಮ ಹೊಲದಲ್ಲಿ ಹಲುಬೆ ಇತ್ತು. ನಾನು ನೋಟುಬುಕ್ಕು ಹಿಡಿದು ಬದುವಿನ ಮೇಲೆ ನಡೆದೆ, ಅಪ್ಪ ಎತ್ತುಗಳ ಹಿಂದೆ. ನಾನು ಕುಂತಿಯ ಮಾತು ಕೂಗಿ ಹೇಳಬೇಕು, ಅವನು ಅಲ್ಲಿಂದ ಉತ್ತರ ಕೊಡಬೇಕು. ಮೊದಲ ಸುತ್ತಿನಲ್ಲಿ ಉರು ಹೊಡೆದದ್ದೇ ಬಂತು. ಆಮೇಲೆ ಎಡಗಡೆಯ ಎತ್ತು ಅಕ್ಕಡಿ ಸಾಲಿನ ಜೋಳಕ್ಕೆ ಬಾಯಿ ಹಾಕಿತು, ಅದನ್ನು ಗದರಿಸುವಾಗ ಮಾತು ತುಂಡಾಯಿತು. ಮತ್ತೆ ಹಿಡಿಯಲು ಹೋದರೆ ಎಳೆ ಸಿಗಲಿಲ್ಲ. “ಇನ್ನೊಂದ್ ಕಿತ ಹೇಳವ್ವ” ಎಂದ. ಹೇಳಿದೆ. ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ, ಹತ್ತಿರ ಬಾ ಎಂದ. ಹಲುಬೆಯ ಪಕ್ಕದಲ್ಲೇ ನಡೆಯುತ್ತ ಹೇಳಿದೆ. ಹುಟ್ಟಿದ ಮಗುವನ್ನು ನೀರಿನಲ್ಲಿ ತೇಲಿಬಿಟ್ಟೆ ಎಂದು ಕುಂತಿ ಒಪ್ಪಿಕೊಳ್ಳುವ ಮಾತು ಅದು. ಎಷ್ಟೋ ಸಲ ಓದಿದ್ದೆ. ಅಪ್ಪ ಎತ್ತು ನಿಲ್ಲಿಸಿದ. ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದ. ನಮ್ಮಜ್ಜಿ, ಅಂದರೆ ಅವನ ತಾಯಿ, ಅವನಿಗೆ ಎರಡು ವರ್ಷವಾಗಿದ್ದಾಗಲೇ ತೀರಿಕೊಂಡಿದ್ದಳು ಎನ್ನುವುದು ನನಗೆ ಗೊತ್ತಿತ್ತು. ಅವತ್ತಿನವರೆಗೆ ಆ ಮಾತಿಗೂ ಅದಕ್ಕೂ ನಾನು ಗಂಟು ಹಾಕಿರಲಿಲ್ಲ. ಅವನೂ ಹಾಕಿರಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕರ್ಣನ ಮಾತು ಬಂತು. ಅದೇ ಪದಗಳು. ಆದರೆ ಅಲ್ಲೇ ಆಗ ತಾನೇ ಹುಟ್ಟಿದ ಹಾಗೆ ಬಂತು.

ಇಷ್ಟು ಹೇಳಿದ ಮೇಲೆ ನಿಘಂಟಿನ ಕಡೆ ತಿರುಗಬಹುದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳೆಯ ಗ್ರಂಥಾಲಯದಲ್ಲಿ ಸ್ಕೀಟ್ ಎಂಬ ವಿದ್ವಾಂಸ ಬರೆದ ಇಂಗ್ಲಿಷ್ ಪದಮೂಲಗಳ ನಿಘಂಟು ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದ ಪುಸ್ತಕ. ಏನೋ ಹುಡುಕಲು ಹೋಗಿ ‘ರಿಹರ್ಸ್’ ಎನ್ನುವ ಕ್ರಿಯಾಪದದ ಮೇಲೆ ಕಣ್ಣು ಬಿತ್ತು. ಅದರ ಮಧ್ಯದಲ್ಲಿರುವುದು ‘ಹಿಯರ್’, ಅಂದರೆ ಕೇಳು ಎನ್ನುವ ಪದವೇ ಇರಬೇಕು, ಮತ್ತೆ ಕೇಳಿಸುವುದೇ ರಿಹರ್ಸಲ್ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಬಹಳ ಮಂದಿ ಹಾಗೆಯೇ ಅಂದುಕೊಳ್ಳುತ್ತಾರೆ. ಅದಲ್ಲ. ಹಳೆಯ ಫ್ರೆಂಚಿನಲ್ಲಿ ‘ಹೆರ್ಸ್’ ಎಂದರೆ ಹಲುಬೆ. ‘ಹೆರ್ಸಿಯೆ’ ಎಂದರೆ ಹಲುಬೆ ಹೊಡೆಯುವುದು. ಅದಕ್ಕೆ ‘ಮತ್ತೆ’ ಎಂಬ ಅರ್ಥದ ‘ರೆ’ ಸೇರಿಸಿದರೆ ‘ರೆಹೆರ್ಸಿಯೆ’, ಒಂದು ಸಲ ಹೊಡೆದ ನೆಲಕ್ಕೆ ಮತ್ತೆ ಹಲುಬೆ ಹಾಯಿಸುವುದು. ಅದೇ ರಿಹರ್ಸ್. ಪುಸ್ತಕ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಸುಮಾರು ಮುನ್ನೂರು ವರ್ಷ ಅಲ್ಲಿನ ಅರಮನೆ, ಕೋರ್ಟುಗಳಲ್ಲಿ ಫ್ರೆಂಚಿನದೇ ಕಾರುಬಾರು. ಆಗ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು, ಇದೂ ಆ ಹಿಂಡಿನಲ್ಲಿ ಬಂತು. ಫ್ರಾನ್ಸಿನಲ್ಲಿರುವಾಗಲೇ ಅದಕ್ಕೆ ಎರಡನೆಯ ಅರ್ಥ ಹುಟ್ಟಿತ್ತು. ಆಡಿದ ಮಾತನ್ನೇ ಮತ್ತೆ ಆಡುವುದೂ ಹಲುಬೆ ಹೊಡೆದ ಹಾಗೆಯೇ ಎಂದು ಯಾರೋ ರೈತಾಪಿ ಜನ ಕಂಡುಕೊಂಡಿದ್ದರು. ಇಂಗ್ಲಿಷಿನಲ್ಲಿ 1300ರ ಸುಮಾರಿಗೆ ಈ ಪದ ಕಾಣಿಸಿಕೊಂಡಾಗ ನಾಟಕಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ನಡೆದದ್ದನ್ನು ವಿವರವಾಗಿ ಹೇಳುವುದು, ಕಲಿತದ್ದನ್ನು ಒಪ್ಪಿಸುವುದು, ಇಷ್ಟೇ ಅರ್ಥ. 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ದೇವರ ಕಾರ್ಯಗಳನ್ನು ಜನರ ಮುಂದೆ ವಿವರಿಸಿ ಹೇಳುವುದಕ್ಕೆ ಇದೇ ಪದವಿದೆ. ನಮ್ಮ ‘ಪಾಠ ಒಪ್ಪಿಸು’ ಎನ್ನುವ ಮಾತು ಅದಕ್ಕೆ ಬಹಳ ಹತ್ತಿರ.

ರಂಗದ ಮೇಲೆ ಆಡುವ ಮೊದಲು ಅಭ್ಯಾಸ ಮಾಡುವುದು ಎನ್ನುವ ಇಂದಿನ ಅರ್ಥ ಅಂಟಿಕೊಂಡದ್ದು 1570ರ ದಶಕದಲ್ಲಿ. ಜೇಮ್ಸ್ ಬರ್ಬೇಜ್ ಎಂಬ ನಟ ಲಂಡನ್ನಿನ ಅಂಚಿನ ಶೋರ್‌ಡಿಚ್‌ನಲ್ಲಿ ನಾಟಕಕ್ಕೆಂದೇ ಮನೆ ಕಟ್ಟಿದ್ದು 1576ರಲ್ಲಿ. ಊರೂರು ತಿರುಗುತ್ತಿದ್ದ ನಾಟಕದವರು ಒಂದು ಕಡೆ ನೆಲೆ ನಿಂತ ಕಾಲ ಅದು. ನೆಲೆ ನಿಂತವನಿಗಲ್ಲವೇ ನೆಲ ಹದಮಾಡುವ ಚಿಂತೆ.

ಅದಾಗಿ ಇಪ್ಪತ್ತು ವರ್ಷದ ಒಳಗೇ ಶೇಕ್ಸ್‌ಪಿಯರ್ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಬರೆದ. ಅದರಲ್ಲಿ ಒಬ್ಬ ಬಡಗಿ, ಒಬ್ಬ ನೇಕಾರ, ತಿದಿ ರಿಪೇರಿ ಮಾಡುವವನು, ಪಾತ್ರೆಗೆ ಬೆಸುಗೆ ಹಾಕುವವನು, ದರ್ಜಿ ಹೀಗೆ ಕೈಕೆಲಸದವರು ಸೇರಿ ದೊರೆಯ ಮದುವೆಗೆ ನಾಟಕ ಆಡಲು ಹೊರಡುತ್ತಾರೆ. ಊರಿನಲ್ಲಿ ಮಾಡಿದರೆ ಜನ ಮುತ್ತಿಕೊಳ್ಳುತ್ತಾರೆಂದು ರಾತ್ರಿ ಬೆಳದಿಂಗಳಲ್ಲಿ ಕಾಡಿಗೆ ಹೋಗಿ ರಿಹರ್ಸಲ್ ಮಾಡುತ್ತಾರೆ. ಆಟದ ದಿನ ಬೆಳದಿಂಗಳು ಇರುತ್ತದೋ ಇಲ್ಲವೋ ಎಂದು ಪಂಚಾಂಗ ತೆಗೆದು ನೋಡುತ್ತಾರೆ! ಕಾಲೇಜಿನಲ್ಲಿ ಈ ಭಾಗ ಪಾಠವಾದಾಗ ತರಗತಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವರೆಲ್ಲ ನನಗೆ ಗೊತ್ತಿದ್ದವರು. ನಮ್ಮ ರಾಮಮಂದಿರದಲ್ಲೂ ಭೀಮ ಬಡಗಿ, ಶಕುನಿ ಬಟ್ಟೆ ಹೊಲಿಯುವವನು, ಧರ್ಮರಾಯ ಪಟೇಲರ ಮನೆಯ ಆಳು. ದಿನವಿಡೀ ದುಡಿದು, ರಾತ್ರಿ ಉಂಡು, ಕೈಕಾಲು ತೊಳೆದುಕೊಂಡು ಬಂದು ಇನ್ನೊಬ್ಬರಾಗಲು ಪ್ರಯತ್ನಪಡುವವರನ್ನು ಕಂಡರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ನಾವು ಪಾತ್ರಕ್ಕೆ ‘ಪಾರ್ಟು’ ಎನ್ನುತ್ತೇವಲ್ಲ, ಅದು ಆ ಕಾಲದ ಲಂಡನ್ನಿನ ನಟರ ಮಾತೇ. ನಟನ ಕೈಗೆ ಇಡೀ ನಾಟಕ ಕೊಡುತ್ತಿರಲಿಲ್ಲ. ಅವನ ಮಾತುಗಳು, ಅದರ ಹಿಂದಿನ ಸಾಲಿನ ಕೊನೆಯ ಎರಡು ಮೂರು ಪದ, ಇಷ್ಟನ್ನೇ ಉದ್ದನೆಯ ಕಾಗದದಲ್ಲಿ ಬರೆದು ಸುರುಳಿ ಸುತ್ತಿ ಕೊಡುತ್ತಿದ್ದರು. ಅದೇ ಅವನ ಪಾರ್ಟು. ‘ರೋಲ್’ ಎಂಬ ಪದವೂ ಇಂಥ ಸುರುಳಿಯಿಂದಲೇ ಬಂತು.

ಹೆರ್ಸ್ ಎನ್ನುವ ಆ ಫ್ರೆಂಚ್ ಹಲುಬೆಗೆ ಇನ್ನೊಂದು ಸಂತಾನವೂ ಇದೆ. ಹೆಣ ಸಾಗಿಸುವ ಗಾಡಿಗೆ ಇಂಗ್ಲಿಷಿನಲ್ಲಿ ‘ಹರ್ಸ್’ ಎನ್ನುತ್ತಾರೆ. ಹಿಂದೆ ಚರ್ಚುಗಳಲ್ಲಿ ಶವಪೆಟ್ಟಿಗೆಯ ಮೇಲುಗಡೆ ಒಂದು ಚೌಕಟ್ಟು ನಿಲ್ಲಿಸಿ, ಅದರ ಮೊಳೆಗಳಿಗೆ ಮೇಣದ ಬತ್ತಿ ಸಿಕ್ಕಿಸುತ್ತಿದ್ದರು. ಅಲ್ಲಿನ ಹಲುಬೆ ನಮ್ಮದರಂತೆ ಒಂದೇ ದಿಂಡಿನದಲ್ಲ, ಅಡ್ಡಪಟ್ಟಿಗಳಿರುವ ಚೌಕಟ್ಟು. ಅದನ್ನು ಬೋರಲು ಹಾಕಿದರೆ ಹಲ್ಲು ಮೇಲೆ ಮಾಡಿಕೊಂಡ ದೀಪದ ಕಂಬದ ಹಾಗೆಯೇ ಕಾಣಬೇಕು. ಚೌಕಟ್ಟಿನ ಹೆಸರು ಕಾಲಕ್ರಮದಲ್ಲಿ ಗಾಡಿಗೆ ಅಂಟಿತು, 1640ರ ದಶಕದ ಹೊತ್ತಿಗೆ. ಹಲುಬೆಗೆ ಇಂಗ್ಲಿಷಿನಲ್ಲಿ ಇರುವ ಪದ ‘ಹ್ಯಾರೋ’ ಕೂಡ ದುಃಖದ ಕಡೆಗೇ ಹೋಯಿತು. ಎದೆ ಸೀಳುವಂಥ ಅನುಭವಕ್ಕೆ ‘ಹ್ಯಾರೋಯಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಹಲುಬೆಯ ಪಕ್ಕದಲ್ಲೇ ‘ಹಲುಬು’ ಇದೆ, ಸಂಕಟದಿಂದ ಗೋಳಿಡುವುದು. ಇವೆರಡೂ ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ, ಕಿವಿಗೆ ಕೂಡಿ ಬಂದದ್ದಷ್ಟೇ. ಆದರೆ ಬದುವಿನ ಮೇಲೆ ಕೂತು ಅತ್ತವಳಿಗೆ ಅದು ಮನಸ್ಸಿನಿಂದ ಹೋಗುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್. ಅಲ್ಲಿ ಹಲುಬೆಗೆ ‘ಹಿರ್ಪೆಕ್ಸ್’. ಅದು ಪಟ್ಟಣದವರ ಪದವಲ್ಲ, ಹಳ್ಳಿಗರ ಪದ. ದಕ್ಷಿಣ ಇಟಲಿಯಲ್ಲಿ ರೋಮಿನವರಿಗೂ ಮೊದಲಿನಿಂದ ಇದ್ದ ಜನರ ಓಸ್ಕನ್ ಭಾಷೆಯಲ್ಲಿ ‘ಹಿರ್ಪುಸ್’ ಎಂದರೆ ತೋಳ. ಹಲುಬೆಯ ಹಲ್ಲು ಕಂಡವರು ಅದಕ್ಕೆ ತೋಳದ ಹೆಸರಿಟ್ಟರು ಎಂದು ನಿಘಂಟಿನವರು ಹೇಳುತ್ತಾರೆ. ತೋಳದ ಹೆಸರು ಹೊತ್ತ ಬುಡಕಟ್ಟೇ ಅಲ್ಲಿತ್ತು, ಹಿರ್ಪೀನಿ ಎಂದು. ತೋಳವೊಂದು ದಾರಿ ತೋರಿಸಿ ಅವರನ್ನು ಆ ಬೆಟ್ಟದ ಸೀಮೆಗೆ ಕರೆತಂದಿತು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ವಾರ್ಷಿಕೋತ್ಸವದ ಹಿಂದಿನ ದಿನ ಮೈಕ್ ಹಿಡಿದು “ರಿಹರ್ಸಲ್‌ಗೆ ಎಲ್ಲರೂ ಬನ್ನಿ” ಎಂದು ಕೂಗುವಾಗ ಅದರೊಳಗೆ ಒಂದು ತೋಳವಿದೆ, ತೋಳದ ಬಾಯಲ್ಲಿ ಮಣ್ಣಿದೆ.

ಹೊಲದ ಮಾತು ಬಾಯಿಗೆ ಬಂದದ್ದು ಇದೊಂದೇ ಅಲ್ಲ. ಲ್ಯಾಟಿನ್ನಿನ ‘ವೆರ್ಸುಸ್’ ಎಂದರೆ ತಿರುವು, ನೇಗಿಲ ಸಾಲು, ಬರಹದ ಸಾಲು. ಇಂಗ್ಲಿಷಿನಲ್ಲಿ ಪದ್ಯಕ್ಕೆ ‘ವರ್ಸ್’ ಎನ್ನುವುದು ಅಲ್ಲಿಂದ. ಬುದ್ಧಿ ಕೆಟ್ಟು ಏನೇನೋ ಬಡಬಡಿಸುವ ಸ್ಥಿತಿಗೆ ‘ಡಿಲಿರಿಯಂ’ ಎನ್ನುತ್ತಾರೆ, ಅಂದರೆ ಸಾಲು ತಪ್ಪಿದ್ದು. ಕನ್ನಡಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ನೇಗಿಲು ಬಿಡುವುದೂ ಸಾಲು, ಪುಸ್ತಕದಲ್ಲಿರುವುದೂ ಸಾಲು. ಅಪ್ಪನಿಗೆ “ಈ ಸಾಲು ತಪ್ಪಿತು” ಎಂದು ನಾನು ಹೇಳಿದಾಗ ಅವನು ಒಂದು ಕ್ಷಣ ಎತ್ತುಗಳ ಕಡೆ ನೋಡುತ್ತಿದ್ದ.

ನಾವು ಹೇಳುವ ‘ತಾಲೀಮು’ ಹೊಲದಿಂದ ಬಂದದ್ದಲ್ಲ, ಗುರುವಿನ ಮನೆಯಿಂದ ಬಂದದ್ದು. ಅರಬ್ಬಿಯಲ್ಲಿ ‘ತಅಲೀಮ್’ ಎಂದರೆ ಕಲಿಸುವುದು. ‘ಇಲ್ಮ್’, ವಿದ್ಯೆ, ಅದರದೇ ಒಡಹುಟ್ಟು. ಉರ್ದು, ಮರಾಠಿಗಳನ್ನು ಹಾದು ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಕುಸ್ತಿಯ ಅಭ್ಯಾಸವೂ ಆಗಿತ್ತು, ನಾಟಕದ ಅಭ್ಯಾಸವೂ ಆಗಿತ್ತು. ಗಾಂಧೀಜಿ 1937ರಲ್ಲಿ ಮುಂದಿಟ್ಟ ಶಿಕ್ಷಣಕ್ಕೆ ‘ನಯೀ ತಾಲೀಮ್’ ಎಂದು ಹೆಸರಾದದ್ದು ಇದೇ ಪದದಿಂದ; ಕೈಕೆಲಸ ಮಾಡುತ್ತಲೇ ವಿದ್ಯೆ ಕಲಿಯುವುದು ಅದರ ತಿರುಳು. ನಮ್ಮ ಮೇಷ್ಟ್ರು ಅಪ್ಪನಿಗೆ ಹೇಳಿದ್ದೂ ಅದನ್ನೇ. ರಿಹರ್ಸಲ್‌ಗೆ ಫ್ರೆಂಚರೇ ಈಗ ‘ರೆಪೆತಿಸಿಯೋಂ’ ಎನ್ನುತ್ತಾರೆ, ಬರೀ ಪುನರಾವರ್ತನೆ. ಜರ್ಮನ್ನರದು ‘ಪ್ರೋಬ’, ಪರೀಕ್ಷೆ. ನನಗೆ ಎರಡೂ ಒಗ್ಗುವುದಿಲ್ಲ. ಇಂಥ ಪದ ಹುಟ್ಟಿಸಿದವರು ಅದನ್ನು ಇಂಗ್ಲಿಷರಿಗೆ ಕೊಟ್ಟು ತಾವು ಸಪ್ಪೆ ಪದ ಇಟ್ಟುಕೊಂಡರಲ್ಲ ಎಂದು ಬೇಸರವಾಗುತ್ತದೆ.

ಪುನರಾವರ್ತನೆಯೇ ಸಿದ್ಧತೆ ಎಂದು ನಂಬಿದರೆ ಏನಾಗುತ್ತದೆ ಎನ್ನುವುದನ್ನು ನಾನೇ ಮಾಡಿ ನೋಡಿದ್ದೇನೆ. ಒಂದು ಶಾಲೆಯಲ್ಲಿದ್ದಾಗ ಮಕ್ಕಳಿಂದ ಚಿಕ್ಕ ಇಂಗ್ಲಿಷ್ ನಾಟಕ ಆಡಿಸಿದೆ. ಭಾಷೆ ತಪ್ಪಬಾರದೆಂಬ ಭಯದಲ್ಲಿ ದಿನಕ್ಕೆ ನಾಲ್ಕು ಸಲ, ನಿಂತಲ್ಲೇ ನಿಲ್ಲಿಸಿ, ಕೈ ಹೀಗೆ, ಕತ್ತು ಹೀಗೆ ಎಂದು ಹೇಳಿಸಿದೆ. ವಾರ್ಷಿಕೋತ್ಸವದ ದಿನ ವ್ಯಾಪಾರಿಯ ಪಾತ್ರದ ಹುಡುಗಿ ಒಂದು ಪ್ರಶ್ನೆ ಮರೆತು ಮುಂದಿನದಕ್ಕೆ ಹಾರಿದಳು. ರೈತನ ಪಾತ್ರದ ಹುಡುಗ ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟ. ಅವಳು ಮತ್ತೊಂದು ಕೇಳಿದಳು, ಅವನು ಅದರ ಹಿಂದಿನದಕ್ಕೆ ಹೇಳಿದ. ಕೊನೆಯವರೆಗೂ ಹಾಗೆಯೇ ನಡೆಯಿತು, ಒಂದು ಪದವೂ ತಪ್ಪಲಿಲ್ಲ. ಜನ ನಕ್ಕರು. ಆ ಹುಡುಗ ಪರದೆಯ ಹಿಂದೆ ಬಂದು, “ನಾನೇನ್ ತಪ್ಪು ಮಾಡ್ದೆ ಮಿಸ್?” ಎಂದು ಕೇಳಿದ. ಅವನದೇನೂ ತಪ್ಪಿರಲಿಲ್ಲ. ಅವನ ಮಾತಿನ ಮೇಲೆ ಹಕ್ಕಳೆ ಕಟ್ಟಿಸಿದವಳು ನಾನು. ಸ್ಕೀಟನ ನಿಘಂಟು ಓದಿ ಹತ್ತು ವರ್ಷವಾಗಿತ್ತು ಆಗ. ಓದಿದ್ದು ಬೇರೆ, ಗೊತ್ತಾಗುವುದು ಬೇರೆ.

ಆಮೇಲಿನ ವರ್ಷಗಳಲ್ಲಿ ಮಕ್ಕಳನ್ನು ಒಂದೆಡೆ ನಿಲ್ಲಿಸುವುದು ಬಿಟ್ಟೆ. ಅಂಗಳ ಗುಡಿಸುತ್ತಾ, ಗಿಡಕ್ಕೆ ನೀರು ಹೊರುತ್ತಾ, ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಮಾತು ಹೇಳಿಸಿದೆ. ಪಾತ್ರ ಅದಲು ಬದಲು ಮಾಡಿದೆ. ನಾನೇ ಮಧ್ಯೆ ಒಂದು ಸಾಲು ನುಂಗಿ, ಏನು ಮಾಡುತ್ತಾರೆಂದು ಕಾದೆ. ಮೊದಮೊದಲು ಎಲ್ಲ ಕಲಸಿಹೋಗುತ್ತಿತ್ತು, ಹಲುಬೆ ಹೊಡೆದ ಸಾಯಂಕಾಲದ ಹೊಲದ ಹಾಗೆ. ಎಂಟು ದಿನ ಕಾಯುವ ಧೈರ್ಯ ಬೇಕು. ಮಕ್ಕಳಿಗಲ್ಲ, ಕಲಿಸುವವರಿಗೆ.

ಕರಾವಳಿಯ ಯಕ್ಷಗಾನ ಮೇಳದವರು ಪ್ರತಿ ಆಟಕ್ಕೂ ರಿಹರ್ಸಲ್ ಮಾಡುವುದಿಲ್ಲ ಎಂದು ಮೊದಲ ಸಲ ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಭಾಗವತರ ಪದ್ಯ ಇರುತ್ತದೆ, ಅದರ ಅರ್ಥವನ್ನು ವೇಷಧಾರಿ ಅಲ್ಲೇ ಕಟ್ಟಿ ಆಡುತ್ತಾನೆ. ಆದರೆ ಅವರು ತಿರುಗಾಟದ ಆರು ತಿಂಗಳು ರಾತ್ರಿ ರಾತ್ರಿ ಆಡುತ್ತಾರೆ; ಅದೇ ಕರ್ಣ, ಎದುರಿಗೆ ಬೇರೆ ಬೇರೆ ಅರ್ಜುನ, ಎದುರಾಳಿಯ ಬಾಯಲ್ಲಿ ಇವತ್ತು ಯಾವ ಪ್ರಶ್ನೆ ಬರುತ್ತದೋ ಗೊತ್ತಿಲ್ಲ. ಅವರಿಗೆ ಆಟವೇ ಹಲುಬೆ.

ಇವತ್ತು ರಿಹರ್ಸಲ್ ನಾಟಕದ ಮನೆ ದಾಟಿ ಬಹಳ ದೂರ ಹೋಗಿದೆ. ದೆಹಲಿಯಲ್ಲಿ ಗಣರಾಜ್ಯೋತ್ಸವಕ್ಕೆ ಮೊದಲು ಪೂರ್ತಿ ಸಮವಸ್ತ್ರದಲ್ಲಿ ಒಂದು ರಿಹರ್ಸಲ್, ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರಿಸುವ ಮೊದಲು ಒಂದು. ನಾನು ಹತ್ತಿರದಿಂದ ನೋಡಿದ್ದು ಮೈಸೂರಿನ ದಸರಾ ಆನೆಗಳದ್ದು. ಅವು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆಗೆ ಬಂದ ಮೇಲೆ ದಿನಾ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಮೊದಲು ಬರಿಮೈಯಲ್ಲಿ. ಆಮೇಲೆ ಬೆನ್ನಿಗೆ ಮರಳಿನ ಮೂಟೆ; ದಿನದಿಂದ ದಿನಕ್ಕೆ ತೂಕ ಏರಿಸುತ್ತಾರೆ. ಕೊನೆಗೆ ಮರದ ಅಂಬಾರಿ. ವಿಜಯದಶಮಿಯ ದಿನ ಹೊರಬೇಕಾದ ಚಿನ್ನದ ಅಂಬಾರಿ ಸುಮಾರು 750 ಕಿಲೋ. ಇದಲ್ಲದೆ ಫಿರಂಗಿಯ ತಾಲೀಮು ಬೇರೆ. ಆನೆಗಳನ್ನು ಸಾಲಾಗಿ ನಿಲ್ಲಿಸಿ, ಸ್ವಲ್ಪ ದೂರದಲ್ಲಿ ಕುಶಾಲತೋಪು ಸಿಡಿಸುತ್ತಾರೆ. ನಾನು ನೋಡಿದ ದಿನ ಒಂದು ಹೊಸ ಆನೆ ಮೊದಲ ಸದ್ದಿಗೆ ಹಿಂದಕ್ಕೆ ಸರಿದು, ಪಕ್ಕದ ಹಿರಿಯ ಆನೆಗೆ ಮೈ ತಾಗಿಸಿ ನಿಂತಿತು. ಮಾವುತ ಅದರ ಕಿವಿಯ ಹಿಂದೆ ಕೈಯಾಡಿಸುತ್ತಾ ಏನೋ ಹೇಳುತ್ತಲೇ ಇದ್ದ. ಮೂರನೆಯ ಸದ್ದಿಗೆ ಅದು ಕಿವಿ ಮಾತ್ರ ಅಲುಗಿಸಿತು. ಆನೆಗೆ ಹೆದರಿಕೆ ಹೋಯಿತೆಂದು ನನಗನ್ನಿಸಲಿಲ್ಲ. ಹೆದರಿಕೆಯ ಜೊತೆ ನಿಲ್ಲಲು ಕಲಿಯಿತು, ಅಷ್ಟೆ.

ನಮ್ಮ ನಾಟಕದ ರಾತ್ರಿ ತುಮಕೂರಿನ ಕುಂತಿ ಬಂದರು. ಒಳ್ಳೆಯ ಕಂಠ, ದೊಡ್ಡ ಅನುಭವ. ಮಧ್ಯಾಹ್ನ ಒಂದು ಸಲ ಅಪ್ಪನ ಜೊತೆ ಮಾತು ಹೊಂದಿಸಿಕೊಂಡರು, ಅಷ್ಟೇ. ರಂಗದ ಮೇಲೆ ಅವರು ನಮ್ಮ ನೋಟುಬುಕ್ಕಿನಲ್ಲಿಲ್ಲದ ಮಾತು ಆಡಿದರು. ಅವರು ಎಷ್ಟೋ ಊರುಗಳಲ್ಲಿ ಆಡಿದ ಕುಂತಿಯ ಮಾತು ಅದು. ನಾನು ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಕೂತಿದ್ದವಳು ಬೆವೆತುಹೋದೆ. ಎಲ್ಲಿಂದ ಎತ್ತಿಕೊಡಲಿ? ಅಪ್ಪ ಅವರ ಮಾತು ಪೂರ್ತಿ ಕೇಳಿದ. ಹೊಲದಲ್ಲಿ ನಿಂತಷ್ಟೇ ಹೊತ್ತು ಸುಮ್ಮನೆ ನಿಂತ. ಆಮೇಲೆ ಅದಕ್ಕೆ ತಕ್ಕ ಮಾತನ್ನೇ ಹೇಳಿದ. ಅದು ಮುಂದಿನ ಪುಟದಲ್ಲಿದ್ದ ಮಾತು. ಅವನು ಹುಡುಕಿ ತಂದ.

ಅಪ್ಪ ಅದಾದ ಮೇಲೆ ಮತ್ತೆ ಬಣ್ಣ ಹಚ್ಚಲಿಲ್ಲ. ಎರಡನೆಯ ಟಗರು ಇರಲಿಲ್ಲ. ಹೊಲ ಮಾಡುತ್ತಲೇ ಇದ್ದ. 1998ರಲ್ಲಿ ಊರಿಗೆ ಹೋದಾಗ ಒಂದು ಚಿತ್ರಪುಸ್ತಕ ಒಯ್ದಿದ್ದೆ. ಫ್ರಾನ್ಸಿನ ಬೆರಿ ಎಂಬ ಸೀಮೆಯ ಡ್ಯೂಕ್‌ಗಾಗಿ ಲಿಂಬರ್ಗ್ ಸಹೋದರರು 1410ರ ದಶಕದಲ್ಲಿ ಬರೆಯಲು ಶುರುಮಾಡಿದ ಪ್ರಾರ್ಥನಾ ಪುಸ್ತಕವೊಂದಿದೆ. ಈಗ ಶಾಂತಿಯಿ ಎಂಬ ಊರಿನ ಅರಮನೆಯಲ್ಲಿಟ್ಟಿದ್ದಾರೆ. ಅದರಲ್ಲಿ ಹನ್ನೆರಡು ತಿಂಗಳಿಗೂ ಒಂದೊಂದು ಚಿತ್ರ. ಅಕ್ಟೋಬರಿನ ಪುಟದಲ್ಲಿ, ಹಿಂದೆ ಪ್ಯಾರಿಸ್ಸಿನ ಲೂವ್ರ್ ಅರಮನೆಯ ಗೋಪುರಗಳು. ಮುಂದೆ ಒಬ್ಬ ಮಡಿಲಿನಿಂದ ಬೀಜ ಚೆಲ್ಲುತ್ತಿದ್ದಾನೆ, ಇನ್ನೊಬ್ಬ ಕುದುರೆ ಹತ್ತಿ ಹಲುಬೆ ಎಳೆಸುತ್ತಿದ್ದಾನೆ. ಇದೇ ‘ಹೆರ್ಸ್’, ನಮ್ಮ ಮೇಷ್ಟ್ರು ಮಾಡಿಸುತ್ತಿದ್ದರಲ್ಲ ರಿಹರ್ಸಲ್ಲು, ಅದರ ಹೆಸರು ಇದರಿಂದ ಬಂದದ್ದು ಅಪ್ಪ ಎಂದು ಎಲ್ಲ ಬಿಡಿಸಿ ಹೇಳಿದೆ.

ಅಪ್ಪ ಕನ್ನಡಕ ಸರಿಮಾಡಿಕೊಂಡು ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಎತ್ತಿಲ್ಲದೆ ಕುದುರೆ ಕಟ್ಟಿದ್ದು ಅವನಿಗೆ ಅಷ್ಟು ಹಿಡಿಸಲಿಲ್ಲ. ಆಮೇಲೆ ಹಲುಬೆಯ ಚೌಕಟ್ಟಿನ ಮೇಲೆ ಬೆರಳಿಟ್ಟ. ಚಿತ್ರಕಾರ ಅಲ್ಲಿ ಒಂದು ಕಲ್ಲು ಬರೆದಿದ್ದ, ಬೂದು ಬಣ್ಣದ್ದು. ಅಷ್ಟು ವರ್ಷದಿಂದ ಆ ಚಿತ್ರ ನೋಡುತ್ತಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

“ಕಲ್ಲು ಮಡಗವ್ರೆ ನೋಡವ್ವ” ಎಂದ ಅಪ್ಪ. “ಭಾರ ಸಾಲ್ದು ಅಂತ.”